ಹುದ್ದೆ ಭರ್ತಿ, ಡಾಕ್ಟರು ಇಲ್ಲ: ಸದನದಲ್ಲಿ ಸಿಕ್ಕ ಉತ್ತರ ಓದೋದು ಹೇಗೆ?

ಕೊಡಚಾದ್ರಿ ಮೋಡ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನವನು. ಒಂದು ಕಾಗದ ಮುಂದಿಟ್ಟುಕೊಂಡು ಮೂರು ವಾರದಿಂದ ತಲೆ ಕೆರೆದುಕೊಳ್ತಾ ಇದ್ದೇನೆ. ತಿಳಿದವರು ದಾರಿ ಹೇಳಿ.

ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಇದ್ದಾರೆ, ಇಲ್ಲ. ಅಂದ್ರೆ ಬೋರ್ಡಿನಲ್ಲಿ ಹೆಸರಿದೆ, ಕುರ್ಚಿಯಲ್ಲಿ ಜನ ಇಲ್ಲ. ವಾರದಲ್ಲಿ ನಾಲ್ಕು ದಿನ ಅವರನ್ನು ಬೇರೆ ಆಸ್ಪತ್ರೆಗೆ ಹಾಕಿದ್ದಾರೆ. ಅವರ ತಪ್ಪಲ್ಲ, ಅಲ್ಲಿಯೂ ಜನ ಇಲ್ಲ. ಉಳಿದ ಎರಡು ದಿನದಲ್ಲಿ ಒಂದು ದಿನ ಮೀಟಿಂಗು. ಮಳೆಗಾಲದಲ್ಲಿ ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೋದವರಿಗೆ ಸಿಕ್ಕೋದು ನರ್ಸಮ್ಮ ಒಬ್ಬರೇ.

ಊರಿನ ನಾಲ್ಕು ಜನ ಸೇರಿ ಶಾಸಕರ ಹತ್ತಿರ ಹೋಗಿದ್ದೆವು. ಅವರು ಬೇಸರ ಮಾಡಿಕೊಳ್ಳದೆ ಸದನದಲ್ಲಿ ಪ್ರಶ್ನೆ ಹಾಕಿಸಿದರು. ಚುಕ್ಕೆ ಇಲ್ಲದ ಪ್ರಶ್ನೆ, ಲಿಖಿತ ಉತ್ತರ. ಉತ್ತರ ಬಂತು. ಅದರಲ್ಲಿ ಇರೋದು ಹೀಗೆ:

"(ಅ) ವೈದ್ಯಾಧಿಕಾರಿಗಳ ಕೊರತೆಯಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂಬುದಕ್ಕೆ "ಇಲ್ಲ." "(ಆ) ಹಾಗಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಎಂಬುದಕ್ಕೆ "ಉದ್ಭವಿಸುವುದಿಲ್ಲ." "(ಇ) ಹುದ್ದೆಗಳ ವಿವರ ನೀಡುವುದು" ಎಂಬುದಕ್ಕೆ "ಅನುಬಂಧದಲ್ಲಿ ಒದಗಿಸಿದೆ."

ಅನುಬಂಧದಲ್ಲಿ ನಮ್ಮ ಆಸ್ಪತ್ರೆಯ ಸಾಲು: ಮಂಜೂರು 1, ಭರ್ತಿ 1, ಖಾಲಿ 0. ಅದನ್ನು ನೋಡಿ ನನ್ನ ತಮ್ಮ ಹೇಳಿದ, "ಅಣ್ಣ, ನಾವೇ ಸುಳ್ಳು ಹೇಳಿದ ಹಾಗಾಯ್ತಲ್ಲ."

ಇನ್ನೊಂದು ಗೋಳು. ಪಟ್ಟಿಯಲ್ಲಿ 'ಹೊಸನಗರ' ಅಂತ ಇದ್ದಲ್ಲಿ ಅರ್ಧ ತಾಲ್ಲೂಕಿನ ಆಸ್ಪತ್ರೆಗಳೇ ಇಲ್ಲ. ಎಲ್ಲಿ ಹೋದವು?

---

ಎಲೆಚುಕ್ಕೆ

ಚುಕ್ಕೆ ಇರುವ ಪ್ರಶ್ನೆ, ಇಲ್ಲದ ಪ್ರಶ್ನೆ ಅಂತೆಲ್ಲ ಇದೆಯಾ? ನಮ್ಮ ಕಡೆ ಚುಕ್ಕೆ ಅಂದ್ರೆ ತೋಟಕ್ಕೆ ಬಂದ ರೋಗ ಒಂದೇ ಮಾರಾಯ್ರೆ. ಅದಕ್ಕೂ ಉತ್ತರ ಸಿಕ್ಕಿಲ್ಲ.

---

ಬೆಟ್ಟದ ಮೇಷ್ಟ್ರು

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ಸದಸ್ಯರು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತಕ್ಕೆ ಕಾಗದದ ಉತ್ತರ ಮಾತ್ರ, ಎದುರು ಮಾತಿಲ್ಲ. ಲೋಕಸಭೆಯಲ್ಲೂ ಹೀಗೆಯೇ: ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆ ಇಲ್ಲದವು. ಆ 20ರಲ್ಲೂ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರದ ಸರದಿ ಬರೋದು ಕೆಲವಕ್ಕೆ ಮಾತ್ರ.

ಮೋಡ ಅವರೇ, ನಿಮ್ಮ ಅರ್ಧ ತಾಲ್ಲೂಕು ಎಲ್ಲೂ ಹೋಗಿಲ್ಲ. 2008ರ ಚುನಾವಣೆಯಿಂದ ಹೊಸನಗರ ಅನ್ನುವ ವಿಧಾನಸಭಾ ಕ್ಷೇತ್ರವೇ ಇಲ್ಲ. ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ ಹೋಯಿತು. ಜಿಲ್ಲೆಯಲ್ಲಿ ತಾಲ್ಲೂಕು ಏಳು, ಕ್ಷೇತ್ರವೂ ಏಳು, ಆದರೆ ಒಂದರ ಗಡಿ ಇನ್ನೊಂದಕ್ಕೆ ಕೂಡುವುದಿಲ್ಲ. ಶಿವಮೊಗ್ಗ ತಾಲ್ಲೂಕಿಗೆ ನಗರ, ಗ್ರಾಮಾಂತರ ಅಂತ ಎರಡು, ಹೊಸನಗರಕ್ಕೆ ಸೊನ್ನೆ. ನಿಮ್ಮ ಶಾಸಕರು 'ನನ್ನ ಕ್ಷೇತ್ರ ವ್ಯಾಪ್ತಿಯಲ್ಲಿ' ಅಂತ ಕೇಳಿರುತ್ತಾರೆ. ಬಂದಿರೋದು ಅಷ್ಟಕ್ಕೇ.

1952ರಲ್ಲಿ ಶಾಂತವೇರಿ ಗೋಪಾಲಗೌಡರು ಗೆದ್ದು ಹೋದದ್ದು 'ಸಾಗರ-ಹೊಸನಗರ' ಅನ್ನುವ ಕ್ಷೇತ್ರದಿಂದ. ಆಗ ಹೆಸರಾದರೂ ಇತ್ತು.

---

ಕೆಂಪಡಿಕೆ

ಇದೆಲ್ಲ ಸುಮ್ನೆ. ಶಾಸಕರು ಕೇಳಿದ ಹಾಗೆ ಮಾಡ್ತಾರೆ, ಸರ್ಕಾರ ಹೇಳಿದ ಹಾಗೆ ಮಾಡುತ್ತೆ. ಮಾರನೇ ದಿನ ಪೇಪರಿನಲ್ಲಿ ಫೋಟೋ. ಯಾವ ಪಕ್ಷ ಬಂದರೂ ಅನುಬಂಧ ಅದೇ. ಆ ಕಾಗದದಲ್ಲಿ ಮಂಡಕ್ಕಿ ಕಟ್ಟಿ.

---

ಟಪಾಲು ಗುಮಾಸ್ತ

ಕೆಂಪಡಿಕೆಯವರ ಸಿಟ್ಟು ಅರ್ಥವಾಗುತ್ತೆ. ಆದರೆ ಆ ಅನುಬಂಧ ಬರೆದ ಕೈಗಳಲ್ಲಿ ನನ್ನದೂ ಒಂದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೂವತ್ತೊಂದು ವರ್ಷ ಒಂದು ಇಲಾಖೆಯ ಜಿಲ್ಲಾ ಕಚೇರಿಯಲ್ಲಿದ್ದೆ, ಕೊನೆಯ ಹನ್ನೆರಡು ವರ್ಷ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕ. ಯಾವ ಇಲಾಖೆ ಅಂತ ಕೇಳಬೇಡಿ.

ನಮ್ಮಲ್ಲಿ ಇದಕ್ಕೆ 'ಎಲ್‌ಎಕ್ಯೂ' ಅಂತಾರೆ. ಪರಿಷತ್ತಿಂದ ಬಂದರೆ 'ಎಲ್‌ಸಿಕ್ಯೂ'. ಅಧಿವೇಶನ ಶುರುವಾಯಿತು ಅಂದರೆ ಮಧ್ಯಾಹ್ನದ ಊಟ ತಣ್ಣಗಾಯಿತು ಅಂತಲೇ ಲೆಕ್ಕ. ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತೆ. ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಒಂದೆರಡು ದಿನ ತಿಂದುಹೋಗಿರುತ್ತೆ. ನಮ್ಮ ವಾಟ್ಸಾಪಿಗೆ ಬರುವಾಗ ಬೆಳಗ್ಗೆ ಹನ್ನೊಂದು ಗಂಟೆ: "ಅತಿ ತುರ್ತು. ಎಲ್‌ಎಕ್ಯೂ. ಇಂದು ಸಂಜೆ 4ರೊಳಗೆ ಲಗತ್ತಿಸಿದ ನಮೂನೆಯಲ್ಲಿ. ಶೂನ್ಯವಿದ್ದಲ್ಲಿ ಶೂನ್ಯ ವರದಿ." ಮಳೆಗಾಲದಲ್ಲಿ ಹೋಬಳಿ ಕಡೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಯಾರನ್ನು ಕೇಳೋದು? ಕಳೆದ ಅಧಿವೇಶನದ ಎಕ್ಸೆಲ್ ಫೈಲ್ ತೆಗೆದು ದಿನಾಂಕ ಬದಲಾಯಿಸಿ ಕಳಿಸಿದ್ದೂ ಉಂಟು. ಈಗ ನಿವೃತ್ತಿ ಆಗಿದೆ, ಹೇಳಬಹುದು.

ಗಮನಿಸಬೇಕಾದ್ದು ಆ ಲಗತ್ತಿಸಿದ ನಮೂನೆ. ಅದರಲ್ಲಿ ಮಂಜೂರು, ಭರ್ತಿ, ಖಾಲಿ ಅಂತ ಮೂರೇ ಕಾಲಂ ಇದ್ದರೆ ನಾನು ಮೂರೇ ತುಂಬೋದು. ನಿಮ್ಮ ಡಾಕ್ಟರು ಎಲ್ಲಿ ಕೂರುತ್ತಾರೆ ಅನ್ನೋದಕ್ಕೆ ಕಾಲಂ ಇಲ್ಲ. ಭರ್ತಿ ಅನ್ನೋದನ್ನು ನಾವು ತೀರ್ಮಾನಿಸುವುದು ಎಚ್‌ಆರ್‌ಎಂಎಸ್‌ನಲ್ಲಿ (ಸರ್ಕಾರಿ ನೌಕರರ ಸಂಬಳದ ತಂತ್ರಾಂಶ) ಸಂಬಳ ಯಾವ ಹುದ್ದೆಯ ಎದುರು ಆಗುತ್ತೆ ಅಂತ ನೋಡಿ. ನಿಯೋಜನೆ ಮೇಲೆ ಹೋದವರ ಸಂಬಳ ಮೂಲ ಜಾಗದಲ್ಲೇ ಆಗುತ್ತಿರುತ್ತೆ. ಹಾಗಾಗಿ ಹುದ್ದೆ ಭರ್ತಿ. ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ಸಂಬಳ ಇರುವಲ್ಲಿ ಮನುಷ್ಯ ಇಲ್ಲ, ಮನುಷ್ಯ ಇರುವಲ್ಲಿ ಸಂಬಳ ಇಲ್ಲ, ಅಷ್ಟೇ.

ಹಾಗಾಗಿ ಉತ್ತರದ ಮೇಲೆ ಸಿಟ್ಟು ಮಾಡಬೇಡಿ, ಪ್ರಶ್ನೆಯ ಮೇಲೆ ಮಾಡಿ. 'ಗಮನಕ್ಕೆ ಬಂದಿದೆಯೇ' ಅಂತ ಶುರು ಮಾಡಿದಿರೋ, ಕೆಟ್ಟಿತು. (ಅ)ಗೆ 'ಇಲ್ಲ' ಅಂದರೆ 'ಹಾಗಿದ್ದಲ್ಲಿ' ಅಂತ ಶುರುವಾಗುವ (ಆ), (ಇ), (ಈ) ಎಲ್ಲ ಒಂದರ ಮೇಲೊಂದು ಮಲಗುತ್ತವೆ. 'ಉದ್ಭವಿಸುವುದಿಲ್ಲ' ಅಂತ ಟೈಪ್ ಮಾಡುವಾಗ ನಮಗೆಲ್ಲ ಎಷ್ಟು ಖುಷಿ ಅಂತೀರಿ! ನಿಮ್ಮ (ಇ) 'ಹಾಗಿದ್ದಲ್ಲಿ' ಇಲ್ಲದೆ ಬರೆದದ್ದರಿಂದ ಅನುಬಂಧವಾದರೂ ಸಿಕ್ಕಿತು.

---

ಕೊಡಚಾದ್ರಿ ಮೋಡ

ಗುಮಾಸ್ತರೇ, ಇದನ್ನು ಓದಿ ಅಪ್ಪಯ್ಯನಿಗೂ ಓದಿ ಹೇಳಿದೆ. "ಕಳ್ಳನ ಮನೆಯವನೇ ಬೀಗ ತೋರಿಸಿದ ಹಾಗಾಯ್ತು" ಅಂದರು. ಬೇಜಾರು ಮಾಡ್ಕೋಬೇಡಿ.

---

ಟಪಾಲು ಗುಮಾಸ್ತ

ಇಲ್ಲಪ್ಪ. ನಿಜವೇ ಹೇಳಿದ್ದಾರೆ.

---

ಬೆಟ್ಟದ ಮೇಷ್ಟ್ರು

ಶಾಲೆಯದ್ದೂ ಇದೇ ಕಥೆ, ಆದರೆ ತಿರುವು ಬೇರೆ. ಶಿಕ್ಷಕರ ಕೊರತೆ ಬಗ್ಗೆ ಕೇಳಿದರೆ ವಿದ್ಯಾರ್ಥಿ-ಶಿಕ್ಷಕರ ಅನುಪಾತ ಕೊಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಿರಿಯ ಪ್ರಾಥಮಿಕಕ್ಕೆ 30 ಮಕ್ಕಳಿಗೆ ಒಬ್ಬರು. ನಮ್ಮ ಬೆಟ್ಟದ ಶಾಲೆಗಳಲ್ಲಿ ಹತ್ತೋ ಹನ್ನೆರಡೋ ಮಕ್ಕಳು, ಒಬ್ಬ ಮೇಷ್ಟ್ರು. ಅನುಪಾತ ನೋಡಿದರೆ ಬೆಂಗಳೂರಿನ ದುಬಾರಿ ಶಾಲೆಗಿಂತ ಮೇಲು! ಆದರೆ ಆ ಒಬ್ಬ ಮೇಷ್ಟ್ರು ಒಂದರಿಂದ ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹಾಲು, ಮೊಟ್ಟೆ, ಬಿಸಿಯೂಟ, ಆನ್‌ಲೈನ್ ಎಂಟ್ರಿ ಎಲ್ಲ ನೋಡಬೇಕು. ನಾನೇ ಆರು ವರ್ಷ ನೋಡಿದ್ದೇನೆ. ರಜೆ ಹಾಕಿದ ದಿನ ಶಾಲೆಗೇ ರಜೆ.

ಅದೇ ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಇದೆ. ಅಂದರೆ ಕೇಳಬೇಕಾದ್ದು ಅನುಪಾತವಲ್ಲ, 'ಏಕೋಪಾಧ್ಯಾಯ ಶಾಲೆಗಳ ಹೆಸರುವಾರು ಪಟ್ಟಿ'. ಅದರಲ್ಲೂ ಅತಿಥಿ ಶಿಕ್ಷಕರನ್ನು ಬೇರೆ ಕಾಲಂನಲ್ಲಿ ಕೊಡಿ ಅಂತ ಸೇರಿಸಬೇಕು. ಇಲ್ಲದಿದ್ದರೆ ಅವರನ್ನೂ ಒಳಗೆ ತುರುಕಿ ಇಬ್ಬರು ಅಂತ ಮಾಡುತ್ತಾರೆ.

---

ಹಿನ್ನೀರು

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯವನು. ಸರಾಸರಿ ಅನ್ನುವ ಪದ ಕೇಳಿದರೆ ನನಗೆ ಮೈ ಉರಿಯುತ್ತೆ.

108 ಆಂಬುಲೆನ್ಸ್ ಕರೆ ಮಾಡಿದ ಎಷ್ಟು ನಿಮಿಷಕ್ಕೆ ಬರುತ್ತೆ ಅಂತ ಯಾರಾದರೂ ಕೇಳಿದರೆ ಸಿಗುವುದು ಜಿಲ್ಲೆಯ ಸರಾಸರಿ. ಶಿವಮೊಗ್ಗ, ಭದ್ರಾವತಿ ಪೇಟೆಯ ಹತ್ತು ಕರೆ, ನಮ್ಮ ದ್ವೀಪದ ಒಂದು ಕರೆ ಎಲ್ಲ ಒಂದೇ ಪಾತ್ರೆಗೆ ಹಾಕಿ ಕಲಸಿದರೆ ಏನು ಸಿಗುತ್ತೆ? 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದ ಮೇಲೆ ನಮಗೆ ದಾಟಲು ಲಾಂಚ್ ಒಂದೇ ಇತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ ಕಾಡಿನ ದಾರಿ ಸುತ್ತಿ ಹೋಗಬೇಕಿತ್ತು. ಎಷ್ಟೋ ಮನೆಯವರು ಫೋನೇ ಮಾಡುತ್ತಿರಲಿಲ್ಲ, ಜೀಪ್ ಮಾಡಿಕೊಂಡು ಹೊರಡುತ್ತಿದ್ದರು. ಮಾಡದ ಕರೆ ಯಾವ ಸರಾಸರಿಯಲ್ಲೂ ಇಲ್ಲ.

2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯಿತು. ಈಗ ಪರವಾಗಿಲ್ಲ. ಆದರೆ ಈಗ ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ನೋಡೋಣ ಅಂದರೆ, ಹಳೇ ಲೆಕ್ಕ ನಮ್ಮ ಹೋಬಳಿಯದ್ದು ಬೇರೆಯಾಗಿ ಇದ್ದರೆ ತಾನೆ.

---

ಎಲೆಚುಕ್ಕೆ

ಸರಾಸರಿ ಲೆಕ್ಕದಲ್ಲಿ ಆಗುಂಬೆ ಮಳೆ ಶಿಕಾರಿಪುರದವರ ತಲೆ ಮೇಲೂ ಬೀಳುತ್ತೆ. ಅವರು ಮಾತ್ರ ಬೋರ್ ಕೊರೆಸ್ತಾ ಇರ್ತಾರೆ.

---

ಸೀತಾಳೆ ದಂಡೆ

ನಾನು ಸೋಮವಾರದಿಂದ ಓದ್ತಾ ಇದ್ದೇನೆ, ಈಗ ಬರೆಯುವ ಧೈರ್ಯ ಬಂತು. ಆರೋಗ್ಯ ಇಲಾಖೆಯಲ್ಲಿ ಕೆಳಹಂತದಲ್ಲಿ ಕೆಲಸ ಮಾಡುವವಳು.

ಮಂಗನ ಕಾಯಿಲೆಯ ಅಂಕಿಅಂಶ ಕೇಳುವವರಿಗೆ ಒಂದು ಮಾತು. ಈ ರೋಗವನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹೆಸರೂ ಅದರದ್ದೇ. ಇದು ಸುರುವಾಗೋದು ಮಳೆ ನಿಂತು ರೋಗ ಹರಡುವ ಉಣುಗಿನ ಮರಿಗಳು ಹೊರಬಂದ ಮೇಲೆ, ಡಿಸೆಂಬರ್ ಹೊತ್ತಿಗೆ. ಏರೋದು ಜನವರಿಯಿಂದ ಏಪ್ರಿಲ್. ಮೇ ಕೊನೆಯ ಮಳೆಗೆ ಇಳಿಯುತ್ತೆ. ಈಗ ನೋಡಿ: 'ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಎಷ್ಟು ಪ್ರಕರಣ' ಅಂತ ಕೇಳಿದರೆ ಮಾರ್ಚ್ 31ಕ್ಕೆ ಗೆರೆ ಬೀಳುತ್ತೆ. ಒಂದೇ ಸೀಸನ್ ಎರಡು ತುಂಡು. ಕ್ಯಾಲೆಂಡರ್ ವರ್ಷ ಅಂತ ಕೇಳಿದರೆ ಡಿಸೆಂಬರ್ 31ಕ್ಕೆ ಗೆರೆ, ಆಗಲೂ ತುಂಡೇ. ಎರಡರಲ್ಲೂ ಜೋರು ಇದ್ದ ವರ್ಷ ಸಪ್ಪೆಯಾಗಿ ಕಾಣಬಹುದು. 'ಡಿಸೆಂಬರ್‌ನಿಂದ ಮೇವರೆಗೆ, ತಿಂಗಳುವಾರು, ಪ್ರಾಥಮಿಕ ಆರೋಗ್ಯ ಕೇಂದ್ರವಾರು' ಅಂತ ಕೇಳಿದರೆ ಮಾತ್ರ ನಿಜ ಕಾಣುತ್ತೆ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತಾಗ ಎಷ್ಟೋ ರೋಗಿಗಳನ್ನು ಮಣಿಪಾಲಕ್ಕೆ ಕಳಿಸಿದ್ದರು. ಅದು ಬೇರೆ ಜಿಲ್ಲೆ. ರೋಗಿಯ ಊರಿನ ಲೆಕ್ಕವಾ, ಆಸ್ಪತ್ರೆ ಇರುವ ಊರಿನ ಲೆಕ್ಕವಾ ಅನ್ನೋದನ್ನೂ ಪ್ರಶ್ನೆಯಲ್ಲೇ ಬರೆಯಬೇಕು. ಲಸಿಕೆ ಎಷ್ಟು ಜನಕ್ಕೆ ಕೊಟ್ಟಿರಿ ಅಂತ ಕೇಳಿದರೂ ಹಾಗೆಯೇ. ಆ ಹಳೇ ಲಸಿಕೆಗೆ ಮೊದಲ ಡೋಸ್, ಎರಡನೇ ಡೋಸ್, ಬೂಸ್ಟರ್ ಅಂತ ಇತ್ತು. ಮೂರನ್ನೂ ಕೂಡಿ ಹೇಳಿದರೆ ಸಂಖ್ಯೆ ದೊಡ್ಡದು, ರಕ್ಷಣೆ ಚಿಕ್ಕದು. 2022ರಲ್ಲಿ ಅದನ್ನು ಕೊಡೋದೇ ನಿಲ್ಲಿಸಿದರು.

ಡಾಕ್ಟರ ಬಗ್ಗೆ ಮೋಡ ಅಣ್ಣ ಹೇಳಿದ್ದು ನೂರಕ್ಕೆ ನೂರು. ಆದರೆ ದಯವಿಟ್ಟು ಹೆಸರು ಹಾಕಿ ಕೇಳಿಸಬೇಡಿ. ಆ ಮನುಷ್ಯ ಎರಡು ಕಡೆ ಓಡಾಡಿ ಸಾಕಾಗಿರುತ್ತಾರೆ. ಕೆಳಗಿನವರಿಗೇ ನೋಟಿಸು ಬರೋದು, ನಿಯೋಜನೆ ಆದೇಶ ಮಾಡಿದವರಿಗಲ್ಲ.

---

ಕೊಡಚಾದ್ರಿ ಮೋಡ

ಅಕ್ಕ, ಹೆಸರು ಖಂಡಿತ ಹಾಕೋದಿಲ್ಲ. ಅವರು ಒಳ್ಳೆಯವರು, ಇದ್ದ ದಿನ ರಾತ್ರಿ ಏಳರವರೆಗೂ ನೋಡ್ತಾರೆ.

---

ಅರ್ಜಿದಾರ

ಶಾಸಕರ ಹಿಂದೆ ಯಾಕೆ ಸುತ್ತುತ್ತೀರಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಕೊಡಲೇಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಅಂತ ಇದೆ, ಅದೊಂದು ನೆನಪಿಡಿ. ನಿಯೋಜನೆ ಆದೇಶದ ಪ್ರತಿಯನ್ನೇ ಕೇಳಿ. ಆದೇಶದ ಪ್ರತಿ ಕೈಗೆ ಬಂದರೆ 'ಭರ್ತಿ 1' ಅನ್ನೋದರ ಬಣ್ಣ ತಾನೇ ಬಯಲಾಗುತ್ತೆ.

ಒಂದು ಕಾಲಕ್ಕೆ ಇವೆರಡಕ್ಕೂ ಕೊಂಡಿ ಇತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ, ವೈಯಕ್ತಿಕ ಮಾಹಿತಿ ಕುರಿತ 8(1)(ಜೆ) ಅಡಿಯಲ್ಲಿ, ಸಂಸತ್ತಿಗೆ ಅಥವಾ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಅಂತ ಒಂದು ಉಪಬಂಧ. ನಾನು ಎಷ್ಟೋ ಮೇಲ್ಮನವಿಯಲ್ಲಿ ಅದನ್ನೇ ಬರೆದು ಗೆದ್ದಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನೇ ಬದಲಿಸಿ ಉಪಬಂಧವನ್ನು ಕಿತ್ತುಹಾಕಿತು. ಈಗ 'ವೈಯಕ್ತಿಕ ಮಾಹಿತಿ' ಅಂದರೆ ಬಾಗಿಲು ಹಾಕೋದು ಸುಲಭ. ಅದಕ್ಕೇ ಸೀತಾಳೆ ಅಕ್ಕ ಹೇಳಿದ್ದು ಇನ್ನೊಂದು ಕಾರಣಕ್ಕೂ ಸರಿ: ಹೆಸರು ಕೇಳಬೇಡಿ, ಹುದ್ದೆ ಕೇಳಿ.

---

ಟಪಾಲು ಗುಮಾಸ್ತ

ಅರ್ಜಿದಾರರೇ, ನಿಮ್ಮ ಅರ್ಜಿ ಬಂದಾಗ ನಾವು 29ನೇ ದಿನ ನೋಡುತ್ತಿದ್ದೆವು. ಎಲ್‌ಎಕ್ಯೂ ಬಂದ ದಿನವೇ ನೋಡುತ್ತಿದ್ದೆವು. ಎರಡೂ ಹಾಕಿ, ಆದರೆ ಒಂದಕ್ಕೊಂದು ಬದಲಿ ಅಲ್ಲ. ಸದನಕ್ಕೆ ತಪ್ಪು ಉತ್ತರ ಹೋದರೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಭಂಗ) ಆಗಬಹುದು ಅನ್ನುವ ಭಯ ಮೇಲಿನವರಿಗೆ ಇದೆ. 'ಕ್ರಮ ವಹಿಸಲಾಗುವುದು' ಅಂತ ಮಂತ್ರಿ ಹೇಳಿದರೆ ಅದನ್ನು ಸದನದ ಸರ್ಕಾರಿ ಭರವಸೆಗಳ ಸಮಿತಿ ಹಿಡಿದುಕೊಂಡು ಕೂರಬಹುದು. ಅದಕ್ಕೇ ಕರಡಿನಲ್ಲಿ ಅದನ್ನು ಹೊಡೆದು 'ಪರಿಶೀಲನೆಯಲ್ಲಿದೆ' ಅಂತ ಮಾಡೋದು. ಇನ್ನೂ ಜಾಣರು 'ಅನುದಾನದ ಲಭ್ಯತೆಯನುಸಾರ' ಅಂತ ಸೇರಿಸುತ್ತಾರೆ.

---

ಕೆಂಪಡಿಕೆ

ಸರಿ, ಒಪ್ಪಿದೆ ಅಂತಿಟ್ಟುಕೊಳ್ಳಿ. ಆ ಉತ್ತರಗಳನ್ನು ವಿಧಾನಮಂಡಲದ ಜಾಲತಾಣದಲ್ಲಿ ನೋಡಿದ್ದೀರಾ? ಅರ್ಧಕ್ಕರ್ಧ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಉಳಿದವನ್ನು ಕಾಪಿ ಮಾಡಿದರೆ ಹಳೇ ನುಡಿ ಫಾಂಟು, ಕನ್ನಡದ ಬದಲು ಇರುವೆ ಸಾಲು ಅಂಟುತ್ತೆ. ನನ್ನ ಮಗಳು ಕಂಪ್ಯೂಟರ್ ಓದಿದವಳು, ಹತ್ತು ಅನುಬಂಧ ಕೂಡಿಸಿ ಒಂದು ಪಟ್ಟಿ ಮಾಡ್ತೇನೆ ಅಂತ ಕೂತು ಎರಡನೇ ದಿನಕ್ಕೆ ಎದ್ದಳು. ಕೈಯಲ್ಲೇ ಟೈಪ್ ಮಾಡಬೇಕಂತೆ.

---

ಬೆಟ್ಟದ ಮೇಷ್ಟ್ರು

ಕೈಯಲ್ಲೇ ಮಾಡೋಣ. ನನಗೀಗ ನಿವೃತ್ತಿ, ಸಂಜೆ ಬಿಡುವು. ಮಗಳಿಗೆ ನಮೂನೆ ಮಾಡಿಕೊಡಲು ಹೇಳಿ.

---

ಅಂಚೆಯಣ್ಣನ ಮಗ

ಸಕಾಲದ್ದು (ಸರ್ಕಾರಿ ಸೇವೆ ಇಂತಿಷ್ಟು ದಿನದಲ್ಲಿ ಕೊಡಬೇಕು ಅನ್ನುವ ರಾಜ್ಯದ ಯೋಜನೆ) ಯಾರೂ ಹೇಳಲಿಲ್ಲವಲ್ಲ? 2012ರ ಏಪ್ರಿಲ್ 2ರಂದು 11 ಇಲಾಖೆಯ 151 ಸೇವೆಗಳಿಂದ ಶುರುವಾದದ್ದು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಇದೆ. 'ಸಕಾಲದಲ್ಲಿ ವಿಲೇವಾರಿ' ಶೇಕಡಾವಾರು ಯಾವಾಗಲೂ ಚಂದ ಇರುತ್ತೆ. ನನ್ನ ಅರ್ಜಿಯೂ ಸಕಾಲದಲ್ಲಿ ವಿಲೇವಾರಿ ಆಯಿತು. ತಿರಸ್ಕಾರವೂ ವಿಲೇವಾರಿಯೇ ಅಂತ ಆಮೇಲೆ ತಿಳಿಯಿತು. ಇನ್ನೊಂದು ಸಲ ಹೋದಾಗ "ದಾಖಲೆ ಎಲ್ಲ ಆದ ಮೇಲೆ ಬನ್ನಿ, ಆಗ ನಂಬರ್ ಕೊಡ್ತೇವೆ" ಅಂದರು. ಓಡಾಡಿದ ನಾಲ್ಕು ತಿಂಗಳು ಲೆಕ್ಕದಲ್ಲೇ ಇಲ್ಲ, ನಂಬರ್ ಕೊಟ್ಟ ಮೇಲಿನ ಐದು ದಿನ ಮಾತ್ರ ಇದೆ. ಕೇಳುವವರು 'ಮಂಜೂರು, ತಿರಸ್ಕೃತ, ಬಾಕಿ, ಪರಿಹಾರ ಪಾವತಿಸಿದ ಪ್ರಕರಣ' ಅಂತ ಬೇರೆ ಬೇರೆ ಕೇಳಿ. ಆ ಕೊನೆಯದರ ಉತ್ತರ ಏನು ಬರುತ್ತೆ ನೋಡುವ ಆಸೆ ನನಗೆ.

---

ಕೊಡಚಾದ್ರಿ ಮೋಡ

ಎಲ್ಲರದ್ದೂ ಓದಿ ನಿನ್ನೆ ರಾತ್ರಿ ಕೂತು ಹೊಸ ಕರಡು ಬರೆದೆ. ಶಾಸಕರ ಆಪ್ತ ಸಹಾಯಕರು ಸೋಮವಾರ ತಂದುಕೊಡಿ ಅಂದಿದ್ದಾರೆ, ಮುಂದಿನ ಅಧಿವೇಶನಕ್ಕೆ ನೋಟಿಸಿನ ಅವಧಿ ಹತ್ತಿರ ಬಂತಂತೆ. ತಪ್ಪಿದ್ದರೆ ತಿದ್ದಿ:

"(ಅ) ಹೊಸನಗರ ಕಂದಾಯ ತಾಲ್ಲೂಕಿನ (ಎರಡೂ ವಿಧಾನಸಭಾ ಕ್ಷೇತ್ರಗಳ ವ್ಯಾಪ್ತಿ ಸೇರಿ) ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರಸ್ತುತ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ವೈದ್ಯಾಧಿಕಾರಿ, ಶುಶ್ರೂಷಕ, ಪ್ರಯೋಗಶಾಲಾ ತಂತ್ರಜ್ಞ ಹಾಗೂ ಔಷಧ ವಿತರಕರ ಹುದ್ದೆಗಳೆಷ್ಟು, (ಆ) ಭರ್ತಿ ಎಂದು ತೋರಿಸಿದ ಹುದ್ದೆಗಳ ಪೈಕಿ ನಿಯೋಜನೆ, ಅನ್ಯ ಕರ್ತವ್ಯ ಅಥವಾ ಪ್ರಭಾರದ ಮೇಲೆ ಬೇರೆಡೆ ಕಾರ್ಯನಿರ್ವಹಿಸುತ್ತಿರುವವು ಎಷ್ಟು, ವಾರಕ್ಕೆ ಎಷ್ಟು ದಿನ, ಯಾವ ದಿನಾಂಕದ ಆದೇಶದಂತೆ, (ಇ) ಗುತ್ತಿಗೆ ಮತ್ತು ಹೊರಗುತ್ತಿಗೆ ಸಿಬ್ಬಂದಿಯನ್ನು ಪ್ರತ್ಯೇಕವಾಗಿ ತೋರಿಸುವುದು, (ಈ) ಕಳೆದ 12 ತಿಂಗಳುಗಳಲ್ಲಿ ಪ್ರತಿ ಕೇಂದ್ರದಲ್ಲಿ ತಿಂಗಳುವಾರು ವೈದ್ಯರು ಹೊರರೋಗಿಗಳನ್ನು ನೋಡಿದ ದಿನಗಳೆಷ್ಟು?"

---

ಸೀತಾಳೆ ದಂಡೆ

(ಈ) ತುಂಬಾ ಚೆನ್ನಾಗಿದೆ. ಒಪಿಡಿ ರಿಜಿಸ್ಟರ್ ದಿನಾ ಬರೆಯುತ್ತೇವೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಡಾಕ್ಟರು ಇಲ್ಲದ ದಿನವೂ ನರ್ಸ್ ನೋಡಿ ಅದೇ ರಿಜಿಸ್ಟರಿನಲ್ಲಿ ಬರೆಯೋದು. 'ವೈದ್ಯರು' ಅನ್ನುವ ಪದ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.

---

ಎಲೆಚುಕ್ಕೆ

ಚುಕ್ಕೆ ಹಾಕಿಸಿ ಮಾರಾಯ್ರೆ ಈ ಸಲ. ಮಂತ್ರಿ ಎದ್ದು ನಿಂತು ಓದಲಿ.

---

ಬೆಟ್ಟದ ಮೇಷ್ಟ್ರು

ಇಷ್ಟು ದೊಡ್ಡ ಪಟ್ಟಿ ಕೇಳಿದರೆ ಚುಕ್ಕೆ ಇದ್ದರೂ "ಮೇಜಿನ ಮೇಲೆ ಇಡಲಾಗಿದೆ" ಅಂತ ಕೂರುತ್ತಾರೆ. ಪಟ್ಟಿ ಚುಕ್ಕೆ ಇಲ್ಲದರಲ್ಲಿ ತರಿಸಿ, ಅದನ್ನು ಕೈಯಲ್ಲಿ ಹಿಡಿದು ಅದರ ಮುಂದಿನ ಅಧಿವೇಶನದಲ್ಲಿ ಚುಕ್ಕೆಯದ್ದು ಹಾಕಿಸಿ. ಇನ್ನರ್ಧ ತಾಲ್ಲೂಕಿನ ಶಾಸಕರ ಕೈಗೂ ಒಂದು ಪ್ರತಿ ಕೊಡಿ. ಪಕ್ಷ ಬೇರೆಯಾದರೆ ಇನ್ನೂ ಒಳ್ಳೆಯದು.

---

ಟಪಾಲು ಗುಮಾಸ್ತ

ಮೋಡ ಅವರೇ, (ಅ)ದಲ್ಲಿ 'ಪ್ರಸ್ತುತ' ತೆಗೆಯಿರಿ. ಪ್ರಸ್ತುತ ಅಂದರೆ ನಮಗೆ ಹಳೇ ಎಕ್ಸೆಲ್. ಒಂದು ದಿನಾಂಕ ಹಾಕಿ, ಕಳೆದ ತಿಂಗಳ ಕೊನೆಯ ದಿನ ಆದರೂ ಸಾಕು. (ಇ)ಗೆ 'ನಮೂನೆ ಈ ಕೆಳಗಿನಂತೆ' ಅಂತ ಬರೆದು ಕಾಲಂಗಳನ್ನು ನೀವೇ ಗೆರೆ ಹಾಕಿ ಕೊಡಿ. ಸಚಿವಾಲಯದವರು ನಮೂನೆಯನ್ನು ಪ್ರಶ್ನೆಯಿಂದ ತೆಗೆದರೂ ತೆಗೆಯಬಹುದು, ಆದರೆ ಕೆಳಗಿನ ಗುಮಾಸ್ತನ ಕೈಗೆ ಅದು ಸಿಕ್ಕಿತು ಅಂದರೆ ಅವನು ಅದನ್ನೇ ತುಂಬುತ್ತಾನೆ. ಹೊಸ ನಮೂನೆ ಮಾಡಲು ಅವನಿಗೆಲ್ಲಿ ಪುರಸೊತ್ತು.

---

ಕೊಡಚಾದ್ರಿ ಮೋಡ

ಗೆರೆ ಹಾಕ್ತಾ ಇದ್ದೇನೆ. ಒಂಬತ್ತು ಕಾಲಂ ಆಯ್ತು, ಎ4 ಅಡ್ಡಕ್ಕೆ ಹಿಡಿಯುತ್ತಾ ಗುಮಾಸ್ತರೇ?

---

ಟಪಾಲು ಗುಮಾಸ್ತ

ಲೀಗಲ್ ಸೈಜ್ ತಗೊಳ್ಳಿ.